ಆಂಡ್ರಾಯ್ಡ್ ಸ್ಟುಡಿಯೊದ ಪ್ರಿವ್ಯೂ: ಕನ್ನಡ ಪರದೆಗಳಿಗೆ ಎಷ್ಟು ನಂಬಬಹುದು?

ಮೈಸೂರಿನಲ್ಲಿದ್ದುಕೊಂಡು ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರಿಗಾಗಿ ಆ್ಯಪ್ ಸಿದ್ಧಪಡಿಸುವ ನಮ್ಮಂತಹ ಸಣ್ಣ ತಂಡಕ್ಕೆ, ಪರದೆಯ ಮೇಲೆ ಕನ್ನಡ ಹೇಗೆ ಕಾಣುತ್ತದೆ ಎಂಬುದು ಎಲ್ಲ ಮುಗಿದ ಮೇಲೆ ನೋಡಿಕೊಳ್ಳುವ ಕೆಲಸವಲ್ಲ. ಆಂಡ್ರಾಯ್ಡ್ ಆ್ಯಪ್ ಬರೆಯುವ ತಂತ್ರಾಂಶವಾದ ಆಂಡ್ರಾಯ್ಡ್ ಸ್ಟುಡಿಯೊದಲ್ಲಿ, ಕೋಡ್‌ನಿಂದಲೇ ಪರದೆ ರಚಿಸುವ ಜೆಟ್‌ಪ್ಯಾಕ್ ಕಂಪೋಸ್ ಎಂಬ ಸಾಧನವನ್ನು ಬಳಸುವವರಿಗೆ ಸಿಗುವ ಪ್ರಿವ್ಯೂ (ಮುನ್ನೋಟ) ಸೌಲಭ್ಯವನ್ನು ಆ ಒಂದು ದೃಷ್ಟಿಯಿಂದಲೇ ಇಲ್ಲಿ ಪರಿಶೀಲಿಸಿದ್ದೇನೆ. ಕಂಪೋಸ್‌ನ ಮೊದಲ ಸ್ಥಿರ ಆವೃತ್ತಿ 2021ರ ಜುಲೈನಲ್ಲಿ ಬಂತು. ಸ್ಟುಡಿಯೊಗೆ ಹಣ ಕೊಡಬೇಕಾಗಿಲ್ಲ.

ಬಳಸುವ ಕ್ರಮ ಸರಳವಾಗಿದೆ. ಪರದೆಯನ್ನು ಬರೆಯುವ ಫಂಕ್ಷನ್‌ನ ಮೇಲೆ ಪ್ರಿವ್ಯೂ ಎಂಬ ಗುರುತು ಹಾಕಿ, ಲೊಕೇಲ್ (ಭಾಷೆ) ಕನ್ನಡವೆಂದೂ ಫಾಂಟ್ ಸ್ಕೇಲ್ (ಅಕ್ಷರದ ಗಾತ್ರ) 1.5 ಪಟ್ಟು ಎಂದೂ ಸೂಚಿಸಿದರೆ, ಫೋನ್ ಜೋಡಿಸದೆ, ಎಮ್ಯುಲೇಟರ್ (ಕಂಪ್ಯೂಟರ್‌ನಲ್ಲೇ ಓಡುವ ನಕಲಿ ಫೋನ್) ತೆರೆಯದೆ, ಕೋಡ್‌ನ ಪಕ್ಕದಲ್ಲೇ ಕನ್ನಡದ ಪರದೆ ಮೂಡುತ್ತದೆ. ಒಂದೇ ಫಂಕ್ಷನ್‌ಗೆ ಇಂತಹ ಹಲವು ಗುರುತುಗಳನ್ನು ಹಾಕಬಹುದಾದ್ದರಿಂದ ಇಂಗ್ಲಿಷ್, ಕನ್ನಡ, ದೊಡ್ಡ ಅಕ್ಷರದ ಕನ್ನಡ ಮೂರನ್ನೂ ಒಟ್ಟಿಗೆ ಹೋಲಿಸಿ ನೋಡಲು ಸಾಧ್ಯ.

ಇದರ ನಿಜವಾದ ಬೆಲೆ ತಿಳಿಯುವುದು ತಾಲ್ಲೂಕು ಆರಿಸುವ ಪಟ್ಟಿಯಂತಹ ಕಡೆ. ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ‘ನಾಗಮಂಗಲ’ ಯಾವ ಚೌಕಟ್ಟಿನಲ್ಲಾದರೂ ಕೂರುತ್ತದೆ, ‘ಕೃಷ್ಣರಾಜಪೇಟೆ’ ಹಾಗಲ್ಲ. ಅದರ ಮೊದಲ ಅಕ್ಷರದಡಿ ವಟ್ರಸುಳಿ, ಎರಡನೆಯದರಡಿ ಣಕಾರದ ಒತ್ತು, ಎರಡೂ ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷ್ ಹೆಸರುಗಳನ್ನು ಇಟ್ಟು ವಿನ್ಯಾಸ ಮಾಡಿ ಚೌಕಟ್ಟಿನ ಎತ್ತರವನ್ನು ಗಟ್ಟಿಯಾಗಿ ನಿಗದಿಪಡಿಸಿದ್ದರೆ, ಅಕ್ಷರ ದೊಡ್ಡದಾದ ಕೂಡಲೇ ಒತ್ತಿನ ಬುಡ ಕತ್ತರಿಸಿಹೋಗುತ್ತದೆ. ಓದುವವರಿಗೆ ಅದು ತಮ್ಮ ಊರಿನ ಹೆಸರು. ಅದು ಅರ್ಧಂಬರ್ಧ ಕಾಣುವುದನ್ನು ನಾನು ಸಣ್ಣ ತಪ್ಪೆಂದು ಒಪ್ಪಲಾರೆ. ಪರಿಹಾರವೂ ಪ್ರಿವ್ಯೂನಲ್ಲೇ ಕಣ್ಣಿಗೆ ಕಾಣುತ್ತದೆ: ನಿಗದಿತ ಎತ್ತರವನ್ನು ತೆಗೆದು, ಬೆರಳಿಗೆ ಬೇಕಾದ ಕನಿಷ್ಠ 48 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆಯ ಘಟಕ) ಎತ್ತರವನ್ನು ಮಾತ್ರ ಹೇಳಿ, ಉಳಿದದ್ದನ್ನು ಪಠ್ಯಕ್ಕೇ ಬಿಟ್ಟರೆ ಸಾಲು ತಾನಾಗಿ ಬೆಳೆಯುತ್ತದೆ. ವಿನ್ಯಾಸಕಾರರು ಫಿಗ್ಮಾ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಪರದೆ ರಚಿಸುವಾಗಲೇ ಇಂತಹ ಉದ್ದದ ಹೆಸರುಗಳನ್ನು ಮಾದರಿಯಾಗಿ ಇಟ್ಟುಕೊಂಡರೆ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ.

ಮಿತಿಗಳೂ ಇವೆ. ಪ್ರಿವ್ಯೂ ಮೂಡುವುದು ನಮ್ಮ ಕಂಪ್ಯೂಟರ್‌ನಲ್ಲೇ ಹೊರತು ಫೋನಿನಲ್ಲಲ್ಲ. ಅದರಿಂದ ಸರ್ವರ್‌ನ ಮಾಹಿತಿ ತರಲಾಗದು, ಮಾದರಿ ಮಾಹಿತಿಯನ್ನು ನಾವೇ ಒದಗಿಸಬೇಕು. ಬಳಕೆದಾರರು ತಮ್ಮ ಫೋನಿನಲ್ಲಿ ಬದಲಿಸಿಕೊಂಡಿರುವ ಫಾಂಟ್ ಇಲ್ಲಿ ಕಾಣುವುದಿಲ್ಲ. ಆಂಡ್ರಾಯ್ಡ್ 14ರಲ್ಲಿ ಅಕ್ಷರಗಳನ್ನು ಶೇ 200ರವರೆಗೆ ಹಿಗ್ಗಿಸಬಹುದಾದ್ದರಿಂದ 1.5ರಲ್ಲಿ ಸರಿಯಿದ್ದರೆ ಸಾಕೆಂದು ನಿಲ್ಲುವಂತಿಲ್ಲ. ಜೊತೆಗೆ ಸ್ಟುಡಿಯೊ ಭಾರವಾದ ತಂತ್ರಾಂಶ. ಎಮ್ಯುಲೇಟರ್ ಕೂಡ ನಡೆಸುವುದಾದರೆ 16 ಜಿಬಿ ರ್‍ಯಾಮ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ತಾಳ್ಮೆ ಬೇಕಾಗುತ್ತದೆ. ಎಮ್ಯುಲೇಟರ್ ಅನ್ನು ಅಪರೂಪಕ್ಕೆ ಮಾತ್ರ ತೆರೆಯುವಂತಾಗುವುದು ಪ್ರಿವ್ಯೂನ ಇನ್ನೊಂದು ಲಾಭ.

ಕನ್ನಡದಲ್ಲಿ ಆ್ಯಪ್ ಮಾಡುವವರಿಗೆ ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಆದರೆ ಬಿಡುಗಡೆಗೆ ಮುನ್ನ ಕಡಿಮೆ ಬೆಲೆಯ ಒಂದು ಫೋನಿನಲ್ಲಿ, ಅಕ್ಷರದ ಗಾತ್ರವನ್ನು ಗರಿಷ್ಠಕ್ಕೆ ಇಟ್ಟು, ಪ್ರತಿ ಪರದೆಯನ್ನೂ ಒಮ್ಮೆ ಬಿಸಿಲಿನಲ್ಲಿ ಓದಿ ನೋಡಲೇಬೇಕು.