ಫಸ್ಟ್ ಪಿಯು ಮುಗಿದ ಮೇ ತಿಂಗಳಿಗೆ ಯಾವ ಎಪಿ? ಕ್ಯಾಲ್ಕುಲಸ್ ಬಿಸಿ, ಫಿಸಿಕ್ಸ್ ಸಿ, ಕೆಮಿಸ್ಟ್ರಿ

ಇಲ್ಲಿ ಪಿಯು ಓದಿಕೊಂಡು ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುವವರಿಗೆ ಎಪಿ (ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್, ಅಮೆರಿಕದ ಕಾಲೇಜ್ ಬೋರ್ಡ್ ಸಂಸ್ಥೆ ನಡೆಸುವ, 1ರಿಂದ 5ರವರೆಗೆ ಅಂಕ ಕೊಡುವ ಕಾಲೇಜು ಮಟ್ಟದ ಪರೀಕ್ಷೆ) ಬರೆಯಲು ಸರಿಯಾದ ಮೇ ತಿಂಗಳು ಒಂದೇ, ಫಸ್ಟ್ ಪಿಯು ಮುಗಿದ ಮೇ. ಪರೀಕ್ಷೆ ಮೇ ಮೊದಲೆರಡು ವಾರ, ಅಂಕ ಜುಲೈಯಲ್ಲಿ, ಅರ್ಜಿ ನವೆಂಬರಿನಿಂದ ಜನವರಿಯೊಳಗೆ. ಎಸ್ಸೆಸ್ಸೆಲ್ಸಿ ಮುಗಿದ ಮೇ ಬಹಳ ಮಕ್ಕಳಿಗೆ ತೀರಾ ಬೇಗವಾಯಿತು. ಸೆಕೆಂಡ್ ಪಿಯು ಮುಗಿದ ಮೇಲೆ ಬರೆದರೆ ಅಷ್ಟರಲ್ಲಿ ಸೀಟಿನ ತೀರ್ಮಾನ ಆಗಿಹೋಗಿರುತ್ತದೆ, ಆ ಅಂಕ ಕ್ರೆಡಿಟ್ಟಿಗೆ ಮಾತ್ರ, ಅಂದರೆ ಅಲ್ಲಿನ ಕಾಲೇಜಿನ ಕೋರ್ಸಿನ ಬದಲು ಲೆಕ್ಕಕ್ಕೆ ಹಿಡಿಯಲು. ಅದೂ ಅಲ್ಲದೆ ನೀಟ್, ಕಾಮೆಡ್‌ಕೆ ಎಲ್ಲ ಅದೇ ಹೊತ್ತಿಗೆ ಬಂದು ಕೂತಿರುತ್ತವೆ. ಹಾಗಾಗಿ ಈ ಹೋಲಿಕೆ ಆ ಒಂದು ಮೇ ತಿಂಗಳ ಲೆಕ್ಕದಲ್ಲಿ. ಪಿಯು ಮಕ್ಕಳಿಗೆ ಮೂರನ್ನೂ ಮಾಡಿಸಿ ನೋಡಿದ ಮೇಲೆ ನನ್ನ ಓಟು ಕ್ಯಾಲ್ಕುಲಸ್ ಬಿಸಿಗೆ (ಎಪಿಯ ಎರಡು ಕ್ಯಾಲ್ಕುಲಸ್ ಪರೀಕ್ಷೆಗಳಲ್ಲಿ ಎಬಿಗಿಂತ ಹೆಚ್ಚು ಪಾಠವಿರುವುದು).

ಬರೀ ಸಿಲಬಸ್ ನೋಡಿದರೆ ಫಿಸಿಕ್ಸ್ ಸಿ ಮೆಕ್ಯಾನಿಕ್ಸ್ ಗೆಲ್ಲಬೇಕಿತ್ತು. ನ್ಯೂಟನ್ ನಿಯಮ, ವರ್ಕ್ ಎನರ್ಜಿ, ಮೊಮೆಂಟಮ್, ರೊಟೇಷನ್, ಆಸಿಲೇಷನ್ ಎಲ್ಲವೂ ಫಸ್ಟ್ ಪಿಯು ಪುಸ್ತಕದಲ್ಲೇ ಇವೆ. ತೊಡಕು ಗಣಿತದಲ್ಲಿ. ವೇಗಕ್ಕೆ ತಕ್ಕಂತೆ ಹೆಚ್ಚುವ ಗಾಳಿಯ ತಡೆ, ಒಂದು ತುದಿಯಿಂದ ಇನ್ನೊಂದಕ್ಕೆ ಸಾಂದ್ರತೆ ಬದಲಾಗುವ ಸರಳಿನ ಮೊಮೆಂಟ್ ಆಫ್ ಇನರ್ಷಿಯಾ, ಇಂಥವಕ್ಕೆ ಇಂಟಿಗ್ರೇಷನ್ ಬೇಕೇ ಬೇಕು. ನಮ್ಮ ಗಣಿತ ಪುಸ್ತಕದಲ್ಲಿ ಅದು ಬರುವುದು ಸೆಕೆಂಡ್ ಪಿಯುನಲ್ಲಿ. ಅಂದರೆ ಮೆಕ್ಯಾನಿಕ್ಸ್ ತೆಗೆದುಕೊಂಡರೂ ಕ್ಯಾಲ್ಕುಲಸ್ಸನ್ನು ಮುಂಚಿತವಾಗಿ ಕಲಿಯುವುದು ತಪ್ಪುವುದಿಲ್ಲ. ಕಲಿಯುವುದೇ ಆದರೆ ಅದರದ್ದೇ ಪರೀಕ್ಷೆ ಬರೆಯಬಾರದೇಕೆ?

ಫಿಸಿಕ್ಸಿನ ಇನ್ನೊಂದು ಕಿರಿಕಿರಿ ಪ್ರಯೋಗದ ಪ್ರಶ್ನೆ. ಲ್ಯಾಬಿನಲ್ಲಿ ಮೇಷ್ಟ್ರು ಹೇಳಿದ ಅಕ್ಷಗಳಿಗೆ ಗ್ರಾಫ್ ಹಾಕಿ ರೂಢಿಯಾದವರಿಗೆ, ಯಾವುದರ ಎದುರು ಯಾವುದನ್ನು ಹಾಕಿದರೆ ಸರಳರೇಖೆ ಬರುತ್ತದೆ ಎಂದು ಕೇಳಿದಾಗ ಕೈ ನಿಂತುಹೋಗುತ್ತದೆ.

ಬಿಸಿಯಲ್ಲಿ ಇಂಟಿಗ್ರೇಷನ್ ಬಿಟ್ಟು ಹೊಸದಾಗಿ ಕಲಿಯಬೇಕಾದ್ದು ಮುಖ್ಯವಾಗಿ ಸೀರೀಸ್ (ಕೊನೆಯಿಲ್ಲದ ಸರಣಿಗಳ ಮೊತ್ತ), ಪೋಲಾರ್, ಆಯ್ಲರ್ ವಿಧಾನ. ಸೀರೀಸ್ ಒಂದಕ್ಕೇ ಶೇ. 17–18ರಷ್ಟು ತೂಕವಿದೆ, ಸೆಕೆಂಡ್ ಪಿಯು ಪುಸ್ತಕದಲ್ಲೂ ಅದು ಸಿಗದು. ಜೂನ್‌ನಲ್ಲಿ ಶುರುಮಾಡಿ ದಸರಾ ರಜೆ ಹೊತ್ತಿಗೆ ಡೆರಿವೇಟಿವ್, ಸಂಕ್ರಾಂತಿ ಹೊತ್ತಿಗೆ ಇಂಟಿಗ್ರೇಷನ್ ಮುಗಿಸಿದರೆ ಸೀರೀಸಿಗೆ ಸಮಯ ಉಳಿಯುತ್ತದೆ. ಕಾಲೇಜಿನ ವಾರ್ಷಿಕ ಪರೀಕ್ಷೆ ಕಳೆದ ಮೇಲೆ ಹಳೆಯ ಪ್ರಶ್ನೆಗಳು. ಅವೂ ಅಂಕ ಕೊಡುವ ಕ್ರಮವೂ ಕಾಲೇಜ್ ಬೋರ್ಡ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ಈಗ ನಿಜವಾದ ತಲೆನೋವಿಗೆ ಬರೋಣ: ಕ್ಯಾಲ್ಕುಲೇಟರ್. ಬಿಸಿಯ 45 ಬಹು ಆಯ್ಕೆ ಪ್ರಶ್ನೆಗಳಲ್ಲಿ 30ಕ್ಕೆ ಕ್ಯಾಲ್ಕುಲೇಟರ್ ಇಲ್ಲ, 15ಕ್ಕೆ ಉಂಟು. ಬರೆಯುವ 6 ಪ್ರಶ್ನೆಗಳಲ್ಲಿ ಮೊದಲ 2ಕ್ಕೆ ಉಂಟು, ಉಳಿದ 4ಕ್ಕೆ ಇಲ್ಲ. ನಮ್ಮ ಮಕ್ಕಳು ಕ್ಯಾಲ್ಕುಲೇಟರ್ ಇಲ್ಲದ ಭಾಗವನ್ನು ಸಲೀಸಾಗಿ ಮುಗಿಸಿ, ಇರುವ ಭಾಗದಲ್ಲಿ ಮುಗ್ಗರಿಸುತ್ತಾರೆ. sin(x²) ಅನ್ನು 0ಯಿಂದ 2ರವರೆಗೆ ಇಂಟಿಗ್ರೇಟ್ ಮಾಡು ಅಂದರೆ ತಕ್ಷಣ ಸಬ್‌ಸ್ಟಿಟ್ಯೂಷನ್ ಹುಡುಕಲು ಕೂರುತ್ತಾರೆ. ಎಷ್ಟು ಹೊತ್ತು ಕೂತರೂ ಅದು ಬಿಡಿಸಿಕೊಳ್ಳುವುದಿಲ್ಲ. ಅಲ್ಲಿ ಮಾಡಬೇಕಾದ್ದು ಇಂಟಿಗ್ರಲ್ಲನ್ನು ಮಿತಿಗಳ ಸಮೇತ ಉತ್ತರ ಪುಸ್ತಿಕೆಯಲ್ಲಿ ಬರೆದು, ಯಂತ್ರಕ್ಕೆ ಹಾಕಿ, ಬಂದ 0.805 ಬರೆಯುವುದು, ಅಷ್ಟೇ. ಯಂತ್ರ ಡಿಗ್ರಿಯಲ್ಲಿದ್ದರೆ 0.047 ಬರುತ್ತದೆ, ರೇಡಿಯನ್ ಇದೆಯಾ ಅಂತ ಮೊದಲು ನೋಡಿಕೊಳ್ಳಬೇಕು.

ದುಬಾರಿ ಗ್ರಾಫಿಂಗ್ ಕ್ಯಾಲ್ಕುಲೇಟರ್ ಕೊಳ್ಳಬೇಡಿ. ಪರೀಕ್ಷೆ ನಡೆಯುವ ಬ್ಲೂಬುಕ್ ಆ್ಯಪ್‌ನಲ್ಲೇ ಡೆಸ್ಮೋಸ್ ಎಂಬ ಗ್ರಾಫಿಂಗ್ ಕ್ಯಾಲ್ಕುಲೇಟರ್ ಇದೆ. ಆದರೆ ಹಿಂದಿನ ವಾರ ತೆರೆದು ನೋಡಿದರೆ ಸಾಲದು, ಎರಡು ತಿಂಗಳಾದರೂ ದಿನಾ ಬಳಸಿ ಕೈ ಕೂರಬೇಕು. ನಾಲ್ಕೇ ಕೆಲಸ: ಗ್ರಾಫ್ ಬರೆಯುವುದು, ಎರಡು ಗೆರೆ ಸೇರುವ ಬಿಂದು ಹಿಡಿಯುವುದು, ಒಂದು ಬಿಂದುವಿನಲ್ಲಿ ಡೆರಿವೇಟಿವ್, ಮಿತಿಗಳಿರುವ ಇಂಟಿಗ್ರಲ್. ಮಧ್ಯದ ಹಂತದಲ್ಲಿ 1.2 ಅಂತ ದುಂಡು ಮಾಡಿ ಅದನ್ನೇ ಮುಂದಕ್ಕೆ ಒಯ್ದರೆ ಕೊನೆಯ ಮೂರನೇ ದಶಮಾಂಶ ತಪ್ಪುತ್ತದೆ, ಅಂಕ ಹೋಗುತ್ತದೆ. ಪೂರ್ತಿ ಸಂಖ್ಯೆಗೆ ಹೆಸರಿಟ್ಟು ಆ್ಯಪ್‌ನಲ್ಲೇ ಉಳಿಸಿಕೊಳ್ಳಿ.

ಕಾರಣ ಬರೆಯುವ ಪ್ರಶ್ನೆಗಳೂ ಹೀಗೇ. ಚಿಹ್ನೆಯ ಪಟ್ಟಿ ಹಾಕಿ ಬಿಟ್ಟರೆ ಅಂಕವಿಲ್ಲ. ಡೆರಿವೇಟಿವ್ ಧನದಿಂದ ಋಣಕ್ಕೆ ಬದಲಾಗುತ್ತದೆ, ಆದ್ದರಿಂದ ಅಲ್ಲಿ ಮ್ಯಾಕ್ಸಿಮಮ್ ಎಂದು ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರೆಯಬೇಕು. ಮೀನ್ ವ್ಯಾಲ್ಯೂ ಥಿಯರಮ್ ಬಳಸಿದರೆ ಕಂಟಿನ್ಯೂಯಸ್, ಡಿಫರೆನ್ಶಿಯಬಲ್ ಎರಡನ್ನೂ ಹೇಳಲೇಬೇಕು.

ಜೆಇಇ ಕೋಚಿಂಗಿಗೆ ಹೋಗುವವರಿಗೆ ಒಂದು ಮಾತು: ಎಪಿಯಲ್ಲಿ ನೆಗೆಟಿವ್ ಮಾರ್ಕ್ಸ್ ಇಲ್ಲ, ಒಂದನ್ನೂ ಖಾಲಿ ಬಿಡಬೇಡಿ.

ಕೆಮಿಸ್ಟ್ರಿ ಈ ಮೇ ತಿಂಗಳಿಗೆ ಬೇಡ. ಫಸ್ಟ್ ಪಿಯುನಲ್ಲಿ ಬೆವರಿಳಿಸಿ ಕಲಿತ ಆರ್ಗ್ಯಾನಿಕ್ ಎಪಿಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಎಪಿ ಕೇಳುವ ಕೈನೆಟಿಕ್ಸ್, ಎಲೆಕ್ಟ್ರೋಕೆಮಿಸ್ಟ್ರಿ ನಮಗೆ ಮುಂದಿನ ವರ್ಷದ ಪಾಠ.

ಕ್ಯಾಲ್ಕುಲಸ್ ಎಬಿ ಸುಲಭವಲ್ಲವೇ ಎಂದು ಕೇಳುವವರಿದ್ದಾರೆ. ಶುಲ್ಕ ಎರಡಕ್ಕೂ ಒಂದೇ, ಬಿಸಿ ಬರೆದರೆ ಎಬಿ ಭಾಗದ ಅಂಕವೂ ಬೇರೆಯಾಗಿ ಬರುತ್ತದೆ. ಎಬಿಗೆ ಹೋಗುವ ಕಾರಣ ಕಾಣುವುದಿಲ್ಲ. ಬಿಸಿ ಬರೆದವರಲ್ಲಿ ಶೇ. 40ಕ್ಕೂ ಹೆಚ್ಚು ಮಂದಿ ಇತ್ತೀಚಿನ ವರ್ಷಗಳಲ್ಲಿ 5 ತೆಗೆದಿದ್ದಾರೆ, ಹೆದರುವಂಥದ್ದೇನಿಲ್ಲ.

ಕ್ರೆಡಿಟ್ ವಿಚಾರ ಕಾಲೇಜಿಗೊಂದು ಥರ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ 3ಕ್ಕೇ ಕ್ರೆಡಿಟ್ ಕೊಡುತ್ತದೆ, ಎಂಐಟಿಗೆ ಬಿಸಿಯಲ್ಲಿ 5 ಬೇಕು.

2025ರಲ್ಲಿ ಅಮೆರಿಕದ ಹೊರಗೆ ಒಂದು ಪರೀಕ್ಷೆಗೆ 129 ಡಾಲರ್. ಇದರ ಮೇಲೆ ಕೇಂದ್ರದವರು ತಮ್ಮ ಖರ್ಚು ಸೇರಿಸುತ್ತಾರೆ. ಒಂದಕ್ಕೇ ದುಡ್ಡಿದ್ದರೆ ಬಿಸಿ. ಎರಡಕ್ಕೆ ಇದ್ದರೆ ಬಿಸಿ ಜೊತೆ ಮೆಕ್ಯಾನಿಕ್ಸ್, ಏಕೆಂದರೆ ಕಲಿತ ಇಂಟಿಗ್ರೇಷನ್ ಅಲ್ಲಿಗೂ ಆಗುತ್ತದೆ. ಕೈಯಲ್ಲಿ ಬರೆದು ಬಿಡಿಸುವ ಅಭ್ಯಾಸವೇ ಇಲ್ಲದೆ ಬರೀ ಎಂಸಿಕ್ಯು ಮಾಡಿಕೊಂಡಿರುವ ಮಗುವಿಗೆ ಎರಡು ಬೇಡ, ಒಂದೇ ಸಾಕು.

ಸ್ವಂತ ಕಾಲೇಜಿನಲ್ಲಿ ಎಪಿ ಇಲ್ಲದವರು ಹೊರಗಿನ ಮಕ್ಕಳನ್ನು ಸೇರಿಸಿಕೊಳ್ಳುವ ಶಾಲೆಯನ್ನು ಆಗಸ್ಟ್‌ನಲ್ಲೇ ವಿಚಾರಿಸಬೇಕು. ಶಾಲೆಗಳು ಕಾಲೇಜ್ ಬೋರ್ಡಿಗೆ ಪರೀಕ್ಷೆ ಆರ್ಡರ್ ಮಾಡುವ ಗಡುವು ನವೆಂಬರ್ ಮಧ್ಯಕ್ಕೆ, ಹೊರಗಿನವರ ಪಟ್ಟಿ ಅದಕ್ಕೂ ಮೊದಲೇ ಮುಚ್ಚಬಹುದು. ಶಾಲೆ ಕೊಡುವ ಜಾಯಿನ್ ಕೋಡ್ ಬಂದ ದಿನವೇ ಕಾಲೇಜ್ ಬೋರ್ಡಿನ ಮೈ ಎಪಿ ಖಾತೆಯಲ್ಲಿ ಹಾಕಿ, ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇದೆಯೇ ನೋಡಿ. ಇನಿಷಿಯಲ್ ಹಿಂದುಮುಂದಾಗುವುದು ನಮ್ಮ ಕಡೆಯ ಮಕ್ಕಳ ಹೆಸರುಗಳಲ್ಲೇ.