ಗಿಟ್ ಕಮಿಟ್‌ಗೆ ಯಾವ ಇಮೇಲ್: ಸ್ವಂತದ್ದೋ, ನೋರಿಪ್ಲೈ ವಿಳಾಸವೋ?

ಕೋಡ್ ಹಂಚುವ ತಾಣವಾದ ಗಿಟ್‌ಹಬ್‌ನ ಸಾರ್ವಜನಿಕ ಕಮಿಟ್‌ನ (ಗಿಟ್‌ನಲ್ಲಿ ದಾಖಲಾದ ಕೋಡ್ ಬದಲಾವಣೆಯ) ಕೊಂಡಿಯ ಕೊನೆಗೆ ಇಂಗ್ಲಿಷಿನಲ್ಲಿ ‘.ಪ್ಯಾಚ್’ ಎಂದು ಸೇರಿಸಿ ನೋಡಿ: ‘ಫ್ರಮ್’ ಸಾಲಿನಲ್ಲಿ ಬರೆದವರ ಇಮೇಲ್ ಹಾಗೇ ಕಾಣುತ್ತದೆ.

ಸ್ವಂತ ವಿಳಾಸವಿದ್ದರೆ ಕೋಡ್ ಬಳಸುವವರು ನೇರವಾಗಿ ಬರೆಯಬಹುದು. ಮೇಲ್‌ನಲ್ಲೇ ಪ್ಯಾಚ್ (ಕೋಡ್ ತಿದ್ದುಪಡಿ) ಪರಿಶೀಲಿಸುವ ಲಿನಕ್ಸ್ ಕರ್ನಲ್‌ನಂಥ ಕಡೆ ಉತ್ತರ ತಲುಪುವ ವಿಳಾಸವೇ ಬೇಕು. ಅದಕ್ಕೆಂದೇ ಬೇರೊಂದು ತೆರೆಯಿರಿ, ಬ್ಯಾಂಕಿಗೆ ಕೊಟ್ಟದ್ದು ಖಂಡಿತ ಬೇಡ.

ಉಳಿದೆಡೆ ನೋರಿಪ್ಲೈ, ಅಂದರೆ ಸ್ವಂತದ್ದರ ಬದಲು ಗಿಟ್‌ಹಬ್ ಕೊಡುವ, ಉತ್ತರ ತಲುಪದ ವಿಳಾಸ ಸಾಕು. ಗಿಟ್‌ಹಬ್ ಸೆಟ್ಟಿಂಗ್ಸ್‌ನ ‘ಇಮೇಲ್ಸ್’ ಪುಟದಲ್ಲಿ ವಿಳಾಸ ಖಾಸಗಿಯಾಗಿಡುವ ಆಯ್ಕೆ ಆನ್ ಮಾಡಿದರೆ ಅದು ಸಿಗುತ್ತದೆ. ಹಲವರು ಎಡವುವುದು ಇಲ್ಲೇ: ಕಂಪ್ಯೂಟರಿನ ಗಿಟ್ ಕಾನ್ಫಿಗ್‌ನಲ್ಲಿ (ಗಿಟ್‌ನ ಸ್ವಂತ ಸೆಟ್ಟಿಂಗ್‌ಗಳಲ್ಲಿ) ಹಳೆಯ ವಿಳಾಸವೇ ಉಳಿದಿರುತ್ತದೆ. ಅಲ್ಲೂ ‘ಯೂಸರ್.ಇಮೇಲ್’ ಬದಲಿಸಿ, ಗಿಟ್‌ಹಬ್‌ನ ಅದೇ ಪುಟದಲ್ಲಿ ಇಮೇಲ್ ಬಯಲಾಗುವ ಪುಶ್ (ಕಮಿಟ್ ಕಳಿಸುವುದು) ತಡೆಯುವ ಆಯ್ಕೆಗೂ ಟಿಕ್ ಹಾಕಿ. ಹಿಂದಿನ ಕಮಿಟ್‌ಗಳು ಮಾತ್ರ ಬದಲಾಗವು. ಇತಿಹಾಸ ತಿದ್ದಿದರೆ ಹ್ಯಾಶ್‌ಗಳು (ಕಮಿಟ್‌ಗಳ ಗುರುತುಗಳು) ಬದಲಾಗುತ್ತವೆ, ಬೇರೆಯವರ ಕ್ಲೋನ್‌ಗಳಲ್ಲಿ (ಇಳಿಸಿಕೊಂಡ ಪ್ರತಿಗಳಲ್ಲಿ) ಹಳೆಯ ವಿಳಾಸ ಇದ್ದೇ ಇರುತ್ತದೆ.