ಲಂಡನ್ನಿನ ಹಳೆಯ ಮನೆ-ಹೋಟೆಲಿನಲ್ಲಿ ಕೋಣೆ ಹಿಡಿಯುವ ಮೊದಲು ಮೆಟ್ಟಿಲುಗಳನ್ನು ಎಣಿಸಿಕೊಳ್ಳಿ

ವಯಸ್ಸಾದ ತಂದೆತಾಯಿಯನ್ನು ಕರೆದುಕೊಂಡು ಲಂಡನ್ನಿಗೆ ಹೊರಟವರು, ಪ್ಯಾಡಿಂಗ್ಟನ್, ಬೇಸ್‌ವಾಟರ್, ಕೆನ್ಸಿಂಗ್ಟನ್ ಕಡೆಯ ಹಳೆಯ ಹೋಟೆಲುಗಳಲ್ಲಿ ಕೋಣೆ ಕಾಯ್ದಿರಿಸುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕಳೆದ ಜುಲೈಯಲ್ಲಿ ನಾನು ವಿಚಾರಿಸದೆ ಮಾಡಿದ ಒಂದು ಬುಕಿಂಗ್‌ನಿಂದ ನನ್ನ ಅವ್ವ ನಾಲ್ಕು ದಿನ ನೋವು ತಿಂದಳು.

ಅವ್ವನಿಗೆ 71 ವರ್ಷ; ಬಲ ಮೊಣಕಾಲಿನ ಕೀಲು ಬದಲಿಸಿ ಎರಡು ವರ್ಷವಾಗಿತ್ತು. ಥೇಮ್ಸ್ ನದಿಯ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯನ್ನು ಕಣ್ಣಾರೆ ನೋಡಬೇಕೆಂಬುದು ಅಪ್ಪ-ಅವ್ವ ಇಬ್ಬರ ಬಹುದಿನದ ಆಸೆ. ಹೀಥ್ರೂ ವಿಮಾನ ನಿಲ್ದಾಣದಿಂದ ಎಲಿಜಬೆತ್ ಮಾರ್ಗದ ರೈಲಿನಲ್ಲಿ ನೇರವಾಗಿ ಬರಬಹುದೆಂದು ಪ್ಯಾಡಿಂಗ್ಟನ್ ಹತ್ತಿರವೇ ಹೋಟೆಲು ಹುಡುಕಿದೆ. ಆ ಲೆಕ್ಕ ತಪ್ಪಿರಲಿಲ್ಲ. 2022ರಲ್ಲಿ ಲಂಡನ್ನಿನ ನಡುಭಾಗಕ್ಕೂ ತೆರೆದ ಆ ಮಾರ್ಗದಲ್ಲಿ ಎಲ್ಲ ನಿಲ್ದಾಣಗಳಲ್ಲೂ ರಸ್ತೆಯಿಂದ ಪ್ಲಾಟ್‌ಫಾರ್ಮಿನವರೆಗೆ ಮೆಟ್ಟಿಲಿಲ್ಲದೆ ಹೋಗಿಬರುವ ವ್ಯವಸ್ಥೆಯಿದೆ, ಅವ್ವ ಪ್ಯಾಡಿಂಗ್ಟನ್‌ವರೆಗೆ ಒಂದೂ ಮೆಟ್ಟಿಲು ಹತ್ತದೆ ಬಂದಿಳಿದಳು. ಕಷ್ಟ ಶುರುವಾದದ್ದು ಹೋಟೆಲಿನ ಬಾಗಿಲಿನಲ್ಲಿ.

ವಿಕ್ಟೋರಿಯಾ ರಾಣಿಯ ಕಾಲದ ಮೂರು ಕುಟುಂಬಗಳ ಮನೆಗಳನ್ನು ಒಂದುಗೂಡಿಸಿ ಮಾಡಿದ ಹೋಟೆಲು ಅದು. ಬಿಳಿ ಗಾರೆಯ ಮುಂಭಾಗ, ಕಂಬಗಳ ಮುಖಮಂಟಪ, ಕಬ್ಬಿಣದ ಕಟಕಟೆ ಎಲ್ಲವೂ ಚಿತ್ರದಲ್ಲಿದ್ದಂತೆಯೇ ಇದ್ದವು, ನಿಜಕ್ಕೂ ಸುಂದರವಾಗಿದ್ದವು. ಜಾಲತಾಣದಲ್ಲಿ ‘ಲಿಫ್ಟ್ ಇದೆ’ ಎಂದು ಬರೆದಿದ್ದರು, ಅದೂ ಸುಳ್ಳಲ್ಲ. ಆದರೆ ಲಿಫ್ಟ್ ಇದ್ದದ್ದು ನಡುವಿನ ಮನೆಯಲ್ಲಿ ಮಾತ್ರ, ಅದೂ ಮೂರನೆಯ ಮಹಡಿಯವರೆಗೆ. ಅಪ್ಪ-ಅವ್ವನಿಗೆ ಕೊಟ್ಟ ಕೋಣೆ ಪಕ್ಕದ ಮನೆಯ ಅಟ್ಟದಲ್ಲಿತ್ತು. ರಸ್ತೆಯಿಂದ ಬಾಗಿಲಿಗೆ 6 ಮೆಟ್ಟಿಲು. ಲಿಫ್ಟ್ ಇಳಿದ ಮೇಲೆ ಎರಡು ಭಾರವಾದ ಅಗ್ನಿನಿರೋಧಕ ಬಾಗಿಲುಗಳನ್ನು ತಳ್ಳಿಕೊಂಡು ಹೋದರೆ, ಎರಡು ಮನೆಗಳ ನೆಲದ ಮಟ್ಟ ಬೇರೆಬೇರೆಯಾದ್ದರಿಂದ ಕೆಳಗೆ 4 ಮೆಟ್ಟಿಲು. ಅಲ್ಲಿಂದ ಅಟ್ಟಕ್ಕೆ ಮತ್ತೆ 17.

ಈ ಮನೆಗಳನ್ನು ಕಟ್ಟಿದ ರೀತಿಯನ್ನು ತಿಳಿದುಕೊಂಡಿದ್ದರೆ ನಾನು ಮೊದಲೇ ಎಚ್ಚರಗೊಳ್ಳುತ್ತಿದ್ದೆ. ನೆಲದ ಬೆಲೆ ಹೆಚ್ಚಾಗಿದ್ದ ನಗರದಲ್ಲಿ ಒಂದೇ ಕುಟುಂಬಕ್ಕಾಗಿ ಅಗಲ ಕಡಿಮೆ ಮಾಡಿ ಎತ್ತರಕ್ಕೆ ಕಟ್ಟಿದ ಸಾಲುಮನೆಗಳು ಇವು: ನೆಲಮಾಳಿಗೆಯಲ್ಲಿ ಅಡುಗೆಮನೆ, ಅದರ ಮೇಲೆ ಊಟದ ಕೋಣೆ, ಮೊದಲ ಮಹಡಿಯಲ್ಲಿ ಅತಿಥಿಗಳನ್ನು ಕೂರಿಸುವ ದೊಡ್ಡ ಪಡಸಾಲೆ, ಅದರ ಮೇಲೆ ಮನೆಯವರು ಮಲಗುವ ಕೋಣೆಗಳು, ಕಟ್ಟಕಡೆಗೆ ಅಟ್ಟದಲ್ಲಿ ಕೆಲಸದವರು. ಆದ್ದರಿಂದಲೇ ಕೆಳಗಿನ ಮೆಟ್ಟಿಲುಗಳು ಅಗಲವಾಗಿ, ಹತ್ತಲು ಹಗುರಾಗಿ ಇರುತ್ತವೆ. ಅತಿಥಿಗಳ ಕಣ್ಣಿಗೆ ಬೀಳದ ಮೇಲಿನ ಮಹಡಿಗಳಿಗೆ ಹೋದಂತೆ ಕಿರಿದಾಗಿ ಕಡಿದಾಗುತ್ತವೆ. ಅಟ್ಟಕ್ಕೆ ಹೋಗುವ ಕೊನೆಯ ತಿರುವಿನಲ್ಲಿ ಮೆಟ್ಟಿಲು ಒಂದು ಬದಿಗೆ ಅಂಗೈಯಷ್ಟು ಸಣ್ಣದಾಗಿತ್ತು. ಹಿಡಿದುಕೊಳ್ಳುವ ಕಂಬಿ ಇದ್ದದ್ದೂ ಆ ಸಣ್ಣ ಬದಿಗೇ. ಅವ್ವ ಕಂಬಿ ಹಿಡಿದರೆ ಕಾಲಿಡಲು ಜಾಗವಿಲ್ಲ, ಕಾಲಿಡಲು ಜಾಗವಿರುವ ಕಡೆ ಹಿಡಿಯಲು ಏನೂ ಇಲ್ಲ. ಅಪ್ಪ ಹಿಂದೆ ನಿಂತು ಬೆನ್ನಿಗೆ ಕೈಕೊಟ್ಟು ಹತ್ತಿಸಿದರು.

ನನ್ನ ಕೋಣೆ ನೆಲಮಾಳಿಗೆಯಲ್ಲಿತ್ತು. ಒಂದು ದೊಡ್ಡ ಕೋಣೆಯನ್ನು ಹಲಗೆಯ ಗೋಡೆ ಹಾಕಿ ಎರಡು ಮಾಡಿದ್ದರು. ಚಾವಣಿಯ ನಡುವಿನ ಗಾರೆಯ ಹೂವಿನಲ್ಲಿ ಅರ್ಧ ನನ್ನ ಕಡೆಗಿತ್ತು, ಉಳಿದರ್ಧ ಪಕ್ಕದವರ ಕಡೆಗೆ. ಅವರು ಮಗ್ಗುಲು ಬದಲಿಸಿದರೂ ನನಗೆ ಕೇಳಿಸುತ್ತಿತ್ತು. ಕಿಟಕಿಯನ್ನು ಒಂದು ಗೇಣಿಗಿಂತ ಹೆಚ್ಚು ತೆರೆಯಲು ಬರುತ್ತಿರಲಿಲ್ಲ, ಎಸಿ ಇರಲಿಲ್ಲ. ಲಂಡನ್ ಎಂದರೆ ಚಳಿ ಎಂದುಕೊಂಡು ಇದನ್ನು ಕಡೆಗಣಿಸಬೇಡಿ. 2022ರ ಜುಲೈ 19ರಂದು ಇಂಗ್ಲೆಂಡಿನಲ್ಲಿ ಉಷ್ಣಾಂಶ ಮೊದಲ ಬಾರಿಗೆ 40 ಡಿಗ್ರಿ ದಾಟಿದೆ, ಸೂರಿಗೆ ತಾಗಿದ ಅಟ್ಟದ ಕೋಣೆ ಅದಕ್ಕಿಂತ ತಂಪಾದ ದಿನಗಳಲ್ಲೂ ಕಾವಲಿಯಂತೆ ಕಾಯುತ್ತದೆ.

ಎರಡನೆಯ ರಾತ್ರಿಯ ಕೊನೆಗೆ, ಇನ್ನೂ ಆರು ಗಂಟೆಯಾಗಿರಲಿಲ್ಲ, ಬೆಂಕಿಯ ಎಚ್ಚರಿಕೆ ಗಂಟೆ ಹೊಡೆದುಕೊಂಡಿತು. ಅಂಥ ಹೊತ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲ. ನಾನು ಮೇಲಕ್ಕೆ ಓಡಿದೆ, ಇಳಿದು ಬರುತ್ತಿದ್ದವರ ನಡುವೆ ದಾರಿ ಮಾಡಿಕೊಂಡು ಎರಡನೆಯ ಮಹಡಿ ಮುಟ್ಟುವಷ್ಟರಲ್ಲಿ ಅವ್ವ ಕಂಡಳು. ನೈಟಿಯ ಮೇಲೆ ಶಾಲು ಹೊದ್ದು, ಗೋಡೆಗೆ ಎರಡೂ ಕೈ ಊರಿ, ಪ್ರತಿ ಮೆಟ್ಟಿಲಿಗೂ ಎಡಗಾಲನ್ನು ಇಳಿಸಲು ಬಲಗಾಲಿನ ಮೇಲೆ ಭಾರ ಬಿಡಲಾರದೆ ತಡೆಯುತ್ತಿದ್ದಳು. ಅಟ್ಟದಿಂದ ರಸ್ತೆಯವರೆಗೆ ಒಟ್ಟು 83 ಮೆಟ್ಟಿಲು. ಅವ್ವ ಹೊರಬರುವ ಹೊತ್ತಿಗೆ ಗಂಟೆ ನಿಂತು, ಸುಳ್ಳು ಎಚ್ಚರಿಕೆಯೆಂದು ಹೇಳಿ ಬಹಳ ಜನರನ್ನು ಒಳಗೆ ಕಳಿಸಿಯಾಗಿತ್ತು. ನಿಜವಾಗಿ ಬೆಂಕಿ ಬಿದ್ದಿದ್ದರೆ ಎಂಬ ಯೋಚನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಮಧ್ಯಾಹ್ನಕ್ಕೆ ಮೊಣಕಾಲು ಊದಿತ್ತು.

ಕೆಳಗಿನ ಕೋಣೆ ಕೊಡಿ ಎಂದು ಬಂದ ದಿನವೇ ಕೇಳಿದ್ದೆವು, ಖಾಲಿಯಿಲ್ಲ ಎಂದಿದ್ದರು. ಈಗ ಮತ್ತೆ ಕೇಳಿದಾಗ, ಇದು ಸಂರಕ್ಷಿತ ಪಟ್ಟಿಯಲ್ಲಿರುವ ಕಟ್ಟಡ, ನಾವೇನೂ ಬದಲಿಸುವಂತಿಲ್ಲ ಎಂದರು. ಇಂಥ ಕಟ್ಟಡಗಳ ಸ್ವರೂಪಕ್ಕೆ ಧಕ್ಕೆ ತರುವ ಬದಲಾವಣೆಗೆ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕೆಂದು 1990ರ ಕಾಯ್ದೆಯೇ ಹೇಳುತ್ತದೆ, ಹಾಗಾಗಿ ಹೊಸ ಲಿಫ್ಟ್ ಕೂರಿಸುವುದು ಸುಲಭವಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಲಿಫ್ಟ್ ಯಾವ ಕೋಣೆಗಳನ್ನು ಮುಟ್ಟುವುದಿಲ್ಲ ಎಂದು ಜಾಲತಾಣದಲ್ಲಿ ಬರೆಯಲು ಯಾರ ಒಪ್ಪಿಗೆ ಬೇಕು? ಹಣ ವಾಪಸಾಗದ ದರದಲ್ಲಿ ಕೋಣೆ ಹಿಡಿದಿದ್ದರಿಂದ ಉಳಿದ ಮೂರು ರಾತ್ರಿಗಳ ಬಾಡಿಗೆಯನ್ನು ಬಿಟ್ಟುಕೊಟ್ಟು, ಹೊಸದಾಗಿ ಕಟ್ಟಿದ ಬೇರೊಂದು ಹೋಟೆಲಿಗೆ ಹೋದೆವು. ಬುಕಿಂಗ್ ಕಂಪನಿ ಒಂದು ತಿಂಗಳ ಓಡಾಟದ ನಂತರ ಒಂದು ರಾತ್ರಿಯ ಹಣವನ್ನಷ್ಟೇ ಮರಳಿಸಿತು.

ಆದ್ದರಿಂದ ಹಣ ಕಟ್ಟುವ ಮೊದಲು ಹೋಟೆಲಿಗೇ ಮೇಲ್ ಬರೆದು, ರಸ್ತೆಯಿಂದ ನಿಮ್ಮ ಕೋಣೆಯ ಹೊಸ್ತಿಲಿನವರೆಗೆ ಲಿಫ್ಟ್ ಬಳಸಿದರೂ ಹತ್ತಿ ಇಳಿಯಬೇಕಾದ ಮೆಟ್ಟಿಲುಗಳೆಷ್ಟು, ಲಿಫ್ಟ್ ಇಲ್ಲದಿದ್ದರೆ ಎಷ್ಟು, ಕೋಣೆ ಮುಖ್ಯ ಕಟ್ಟಡದಲ್ಲಿದೆಯೋ ಪಕ್ಕದ್ದರಲ್ಲೋ ಎಂದು ಕೇಳಿ ಸಂಖ್ಯೆಯಲ್ಲೇ ಉತ್ತರ ಪಡೆಯಿರಿ. ‘ಲೋವರ್ ಗ್ರೌಂಡ್ ಫ್ಲೋರ್’ ಎಂದರೆ ನೆಲಮಾಳಿಗೆ. ‘ಹೆಚ್ಚಿನ ಕೋಣೆಗಳಿಗೆ ಲಿಫ್ಟ್’ ಎಂದಿದ್ದರೆ ನಿಮ್ಮ ಕೋಣೆಗೆ ಇಲ್ಲ ಎಂದೇ ತಿಳಿದು ವಿಚಾರಿಸಿ. ಅಂಗವೈಕಲ್ಯ ಇರುವ ಗ್ರಾಹಕರಿಗೆ ಸಮಂಜಸವಾದ ಅನುಕೂಲ ಮಾಡಿಕೊಡಬೇಕೆಂದು ಬ್ರಿಟನ್ನಿನ 2010ರ ಸಮಾನತಾ ಕಾಯ್ದೆ ಹೇಳುತ್ತದೆ, ನಡೆಯಲು ತೊಂದರೆಯಿರುವವರು ನಿಮ್ಮೊಂದಿಗಿದ್ದರೆ ಅದನ್ನು ಆ ಮೇಲ್‌ನಲ್ಲಿಯೇ ಸ್ಪಷ್ಟವಾಗಿ ತಿಳಿಸಿ. ರದ್ದು ಮಾಡಿದರೆ ಹಣ ಮರಳುವ ದರ ಸ್ವಲ್ಪ ಹೆಚ್ಚಾದರೂ ಅದನ್ನೇ ಆರಿಸಿಕೊಳ್ಳಿ.

ಬಸವಣ್ಣನವರ ಪ್ರತಿಮೆಯ ಬಳಿಗೆ ನಾವು ಹೋದದ್ದು ಹಿಂತಿರುಗುವ ಹಿಂದಿನ ದಿನ, ಟ್ಯಾಕ್ಸಿಯಲ್ಲಿ. ಅವ್ವ ಕೈಮುಗಿದು ನಿಂತದ್ದು ಎರಡು ನಿಮಿಷ ಮಾತ್ರ. ಆಮೇಲೆ ಅಪ್ಪನ ಭುಜ ಹಿಡಿದು ಟ್ಯಾಕ್ಸಿಯ ಕಡೆಗೆ ತಿರುಗಿದಳು.